ಊರು ಹೇಳು, ದಾರಿ ಬಿಡು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಭದ್ರಾವತಿಯ ಜನ್ನಾಪುರದಿಂದ ಫೋನ್ ಮಾಡಿ ಬೈಯುತ್ತಾರೆ. ಸಂಕೋಚದಿಂದ ಬೈಯುತ್ತಾರೆಂದು ತಿಳಿಯಬೇಡಿ. ಸಂಕೋಚಕ್ಕೂ ಅವರಿಗೂ ದೂರದ ನೆಂಟಸ್ತಿಕೆಯೂ ಇಲ್ಲ. "ಹೆಸರಿಟ್ಕೊಂಡು ಯಾರನ್ನೂ ಗುರುತು ಹಿಡಿಯೋಕಾಗಲ್ಲ ಅಂತ ಇಷ್ಟು ವರ್ಷ ಗಂಟಲು ಹರ್ಕೊಂಡೆ, ನಿನ್ನ ತಲೆಗೇ ಹತ್ತಲಿಲ್ವಲ್ಲೋ ಮಾರಾಯ" ಎಂದು ಬೈಯುತ್ತಾರೆ. ಹಾಗಾಗಿ ಮೇಡಂ ಎಂದೇ ಕರೆಯುತ್ತೇನೆ. ಶಿವಮೊಗ್ಗದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಡಂಗಳಿಗೆ ಬರವಿಲ್ಲ. ಆದರೂ ಬರೀ 'ಮೇಡಂ' ಎಂದರೆ ಅಟೆಂಡರ್‌ನಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಹೊಳೆಯುತ್ತಿದ್ದುದು ಅವರೊಬ್ಬರೇ. ಡೇಟಾಬೇಸ್ ಪಾಠ ಮಾಡುತ್ತಿದ್ದರು. ಮೊದಲು ನಾನು ಅವರ ವಿದ್ಯಾರ್ಥಿ. ಆಮೇಲೆ ಅದೇ ವಿಭಾಗದಲ್ಲಿ ಅವರ ಪಕ್ಕದ ಮೇಜಿನ ಮೇಷ್ಟ್ರು. ಕಳೆದ ತಿಂಗಳು ಅವರು ನಿವೃತ್ತರಾದರು.

ಅವರ ಮೊದಲ ಕ್ಲಾಸು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಂದವರೇ ಹಾಜರಿ ಪುಸ್ತಕ ಮುಚ್ಚಿಟ್ಟು, "ಮಂಜುನಾಥ, ಎದ್ದು ನಿಲ್ಲಪ್ಪಾ" ಎಂದರು. ನಾನು ಎದ್ದೆ. ನನ್ನ ಜೊತೆ ಇನ್ನೂ ಮೂವರು ಎದ್ದರು.

"ನಾನು ಕರೆದಿದ್ದು ಒಬ್ಬನ್ನ. ಇದೇನು ಮೆರವಣಿಗೆ? ಬಿ. ಮಂಜುನಾಥ ಮಾತ್ರ ನಿಂತ್ಕೊಳ್ಳಿ."

ಇಬ್ಬರು ಕೂತರು, ನಾನೂ ಇನ್ನೊಬ್ಬನೂ ನಿಂತೇ ಇದ್ದೆವು. ತಂದೆ ಹೆಸರು ಕೇಳಿದರು. ನನ್ನದು ಬಸವರಾಜಪ್ಪ. ಅವನದೂ ಬಸವರಾಜಪ್ಪ! ಕ್ಲಾಸು ಹೋ ಎಂದು ನಕ್ಕಿತು. ಊರು ಕೇಳಿದಾಗ ನಾನು ಹೊಳಲೂರು ಎಂದೆ, ಅವನು ಬೇರೆ ಊರು ಹೇಳಿದ. ಸದ್ಯ, ಬಚಾವಾದೆವು ಎಂದುಕೊಂಡರೆ ಮೇಡಂ ಬಿಡಬೇಕಲ್ಲ. "ಇವತ್ತು ಊರು ಕಾಪಾಡ್ತು. ನಾಳೆ ಹೊಳಲೂರಿಂದಾನೇ ಇನ್ನೊಬ್ಬ ಬಂದ್ರೆ? ಅವನ ಫೇಲು ಇವನ ಮಾರ್ಕ್ಸ್ ಕಾರ್ಡಿಗೆ ಬಂದ್ರೆ ಮನೇಲಿ ಒದೆ ತಿನ್ನೋರು ಯಾರು?" ಎಂದು ಬೋರ್ಡಿನ ಮೇಲೆ ನಮ್ಮಿಬ್ಬರ ರಿಜಿಸ್ಟರ್ ನಂಬರ್ ಬರೆದರು. "ನೋಡಿ. ಇದಕ್ಕೆ ಜಾತಿ ಇಲ್ಲ, ಊರಿಲ್ಲ, ಅಪ್ಪ ಇಲ್ಲ. ಇನ್ನೊಬ್ಬರಿಗೆ ಇದು ಇಲ್ಲ. ಅದಕ್ಕೇ ಇದು ಗುರುತು." ಪ್ರೈಮರಿ ಕೀ ಎಂಬ ಪಾಠ ಅಷ್ಟರಲ್ಲಿ ಮುಗಿದಿತ್ತು. ಆಮೇಲೆ ಪುಸ್ತಕ ತೆರೆದು ನೋಡಿದರೆ ಅದೇ ಮಾತನ್ನು ಒಂದು ಪುಟ ಎಳೆದಿದ್ದರು.

ಈ ರಿಲೇಷನಲ್ ಡೇಟಾಬೇಸ್ ಎಂದರೆ ಏನೆಂದು ತಿಳಿಯದವರು ಹೆದರಬೇಕಾಗಿಲ್ಲ. ಮಾಹಿತಿಯನ್ನು ಸಾಲು, ಕಾಲಂ ಇರುವ ಕೋಷ್ಟಕಗಳಲ್ಲಿ ಇಡುವುದು, ಒಂದು ಸಂಗತಿಯನ್ನು ಒಂದೇ ಕಡೆ ಬರೆಯುವುದು, ಬೇಕಾದಾಗ ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಜೋಡಿಸಿ ಪ್ರಶ್ನೆ ಕೇಳುವುದು. ಇಷ್ಟೇ. ನೀವು ರೈಲಿಗೆ ಟಿಕೆಟ್ ತೆಗೆಸಿದಾಗ, ಜಮೀನಿನ ಪಹಣಿ ತೆಗೆದಾಗ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದಾಗ ಹಿಂದೆ ಕೂತು ಕೆಲಸ ಮಾಡುವುದು ಹೆಚ್ಚಾಗಿ ಇದೇ. ಐವತ್ತು ವರ್ಷಕ್ಕೂ ಹಿಂದೆ ಗಣಿತ ಬಲ್ಲ ಒಬ್ಬಾತ ಇದನ್ನು ಕೆಲವೇ ಪುಟಗಳ ಲೇಖನದಲ್ಲಿ ಬರೆದ. ಮೇಡಂ ಅದನ್ನು ಹರಿಕಥೆಯ ಧಾಟಿಯಲ್ಲಿ ಹೇಳುತ್ತಿದ್ದರು.

"ಆ ಕಾಲದಲ್ಲಿ ಕಂಪ್ಯೂಟರಿಂದ ಏನಾದ್ರೂ ಬೇಕಿದ್ರೆ ದಾರಿ ನಾವೇ ಹೇಳ್ಬೇಕಿತ್ತು. ಬಸ್ಸು ಹತ್ತಿ ಡ್ರೈವರಿಗೆ ಇಲ್ಲಿ ಎಡಕ್ಕೆ ತಗೋ, ಸೇತುವೆ ದಾಟು, ಅಲ್ಲಿ ಬಲಕ್ಕೆ ತಿರುಗು ಅಂತ ಹೇಳ್ತಾ ಕೂತಂಗೆ. ರಸ್ತೆ ಬದಲಾಯ್ತೋ, ಕಥೆ ಮುಗೀತು. ಈ ಪುಣ್ಯಾತ್ಮ ಬಂದು ಏನಂದ? ಊರು ಹೇಳು, ದಾರಿ ಬಿಡು. ಭದ್ರಾವತಿ ಅಂತ ಹೇಳಿ ಆರಾಮಾಗಿ ಕೂತ್ಕೋ. ಹೆಂಗೆ ಹೋಗ್ಬೇಕು ಅಂತ ಗಾಡಿ ನೋಡ್ಕೊಳ್ಳುತ್ತೆ."

ಅವರಿಗೆ ಬಸ್ಸಿನ ಉದಾಹರಣೆ ಬಿಟ್ಟು ಬೇರೆ ಬರುತ್ತಿರಲಿಲ್ಲ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಬರಲಾದರೂ ಹೇಗೆ? ಕೆಲಸಕ್ಕೆ ಸೇರಿದಂದಿನಿಂದ ಭದ್ರಾವತಿ–ಶಿವಮೊಗ್ಗ ಬಸ್ಸಿನಲ್ಲೇ ಅವರ ಅರ್ಧ ಆಯುಸ್ಸು ಕಳೆದಿತ್ತು. ಹುಟ್ಟಿ ಬೆಳೆದದ್ದು ಎಲ್ಲ ಸೀಮೆಯ ಕೆಲಸಗಾರರೂ ಬಂದು ನೆಲೆಸಿದ್ದ ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಆದ್ದರಿಂದ ಕನ್ನಡದಷ್ಟೇ ಸಲೀಸಾಗಿ ತಮಿಳಿನಲ್ಲೂ ತೆಲುಗಿನಲ್ಲೂ ಜಗಳ ಮಾಡಬಲ್ಲರು. ಓದು ಮುಗಿಸಿ ಊರಿನಲ್ಲೇ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ, ಹಸಿರು ಅಕ್ಷರಗಳ ಪರದೆಯ ಮುಂದೆ, ಪಾಠ ಶುರುಮಾಡಿದರಂತೆ. ಆಗಿನಿಂದಲೂ ಅವರ ಕಸುಬು ಕೋಷ್ಟಕಗಳೇ.

ಕೋಷ್ಟಕ ಎಳೆಯುವುದನ್ನು ನೋಡಬೇಕಿತ್ತು. ಸ್ಕೇಲು ಇಲ್ಲ, ದಾರ ಇಲ್ಲ. ಬೋರ್ಡಿನ ಈ ತುದಿಗೆ ಸೀಮೆಸುಣ್ಣ ಒತ್ತಿ, ಆ ತುದಿಯವರೆಗೆ ನಡೆದುಬಿಡುತ್ತಿದ್ದರು. ಗೆರೆ ಎಲ್ಲೂ ಅಲುಗುತ್ತಿರಲಿಲ್ಲ. ಡಸ್ಟರ್ ಮುಟ್ಟುತ್ತಿರಲಿಲ್ಲ, ಒದ್ದೆ ಬಟ್ಟೆಯ ತುಂಡೊಂದನ್ನು ಕೈಯಲ್ಲಿ ಹಿಡಿದು, ತಪ್ಪಾದ ಒಂದು ಮನೆಯನ್ನಷ್ಟೇ ಒರೆಸಿ ತಿದ್ದುತ್ತಿದ್ದರು. ಕ್ಲಾಸು ಮುಗಿಯುವ ಹೊತ್ತಿಗೆ ಸೀರೆಯ ಸೊಂಟದ ಬಳಿ ಐದು ಬೆರಳೂ ಬೆಳ್ಳಗೆ ಮೂಡಿರುತ್ತಿದ್ದವು. ಅದನ್ನು ಕೊಡವಿಕೊಳ್ಳುವ ಗೊಡವೆಗೇ ಹೋಗುತ್ತಿರಲಿಲ್ಲ.

ಪಕ್ಕದ ಮೇಜಿಗೆ ಬಂದ ಮೇಲೆ ನಾನು ಕಂಡದ್ದು ಅವರ ಇನ್ನೊಂದು ಅವತಾರ. ಮಧ್ಯಾಹ್ನ ನಮ್ಮಿಬ್ಬರ ಡಬ್ಬಿ ಅದಲುಬದಲಾಗುತ್ತಿತ್ತು. ನನ್ನ ಹೆಂಡತಿಯ ಚಿತ್ರಾನ್ನದ ಮೇಲೆ ಅವರಿಗೆ ಕಣ್ಣು, ಅವರ ಮನೆಯ ಅಕ್ಕಿರೊಟ್ಟಿ–ಕಾಯಿಚಟ್ನಿಯ ಮೇಲೆ ನನಗೆ. ಆದರೆ ನಾನು ಡಬ್ಬಿ ಚಾಚಿದರೆ ತಕ್ಷಣ ತೆಗೆದುಕೊಳ್ಳುತ್ತಿರಲಿಲ್ಲ. ತಮ್ಮದನ್ನೂ ಚಾಚಿ, ಒಂದೊಂದು ಕೈಯಲ್ಲಿ ಎರಡನ್ನೂ ಹಿಡಿದು, "ಹ್ಞೂಂ, ಈಗ ಬಿಡು" ಎಂದ ಮೇಲೆಯೇ ಇಬ್ಬರೂ ತಂತಮ್ಮ ಡಬ್ಬಿ ಬಿಡಬೇಕು. "ಆದ್ರೆ ಎರಡೂ ಆಗ್ಬೇಕು, ಇಲ್ದಿದ್ರೆ ಎರಡೂ ಆಗ್ಬಾರ್ದು. ನಿನ್ನ ಚಿತ್ರಾನ್ನ ಇಸ್ಕೊಂಡು ಅಷ್ಟೊತ್ತಿಗೆ ನನಗೆ ಫೋನ್ ಬಂದು ನಾನು ಎದ್ದೋದ್ರೆ ನೀನು ಉಪವಾಸ." ಡೇಟಾಬೇಸಿನ ಟ್ರಾನ್ಸಾಕ್ಷನ್ ಎಂಬುದನ್ನು ನಾನು ಈಗಲೂ ವಿದ್ಯಾರ್ಥಿಗಳಿಗೆ ಡಬ್ಬಿ ಹಿಡಿದೇ ಹೇಳಿಕೊಡುತ್ತೇನೆ.

ನಮ್ಮಿಬ್ಬರಿಗೆ ಜಗಳವೂ ಬೇಕಾದಷ್ಟಾಗುತ್ತಿತ್ತು. ನನ್ನದು ಸ್ವಲ್ಪ ದುಡುಕು ಸ್ವಭಾವ, ಹೊಸದು ಕಂಡರೆ ಬಾಯಿ ಬಿಡುತ್ತೇನೆ. ಕೋಷ್ಟಕಗಳ ಕಾಲ ಮುಗಿಯಿತು, ಇನ್ನು ಮಾಹಿತಿಯನ್ನು ಹೇಗಿದೆಯೋ ಹಾಗೆಯೇ ಇಟ್ಟರಾಯಿತು ಎಂಬ ಗಾಳಿ ಬೀಸಿದಾಗ ನಾನೂ ಅದರ ಹಿಂದೆ ಹೋಗಿದ್ದೆ. ಸ್ಟಾಫ್ ರೂಮಿನಲ್ಲಿ ಅದರ ಗುಣಗಾನ ಮಾಡಿದೆ. ಮೇಡಂ ಕೇಳಿಸಿಕೊಂಡರು. "ರಾಶಿ, ಬೆಟ್ಟೆ, ಗೊರಬಲು ಅಂತ ನೋಡ್ದೆ ಎಲ್ಲ ನಮೂನೆ ಅಡಿಕೇನೂ ಒಂದೇ ಗೋಣಿಗೆ ಸುರ್ಕೊಂಡು ಮಂಡಿಗೆ ಹೋಗು, ಹೋಗು. ತುಂಬೋವಾಗ ಸುಲಭಾನೇ. ಅಲ್ಲಿ ಹೋಗಿ ಆರಿಸೋಕೆ ಕೂತಾಗ ಗೊತ್ತಾಗುತ್ತೆ" ಎಂದರು. ಕೆಲವು ಕಡೆ ಗೋಣಿಯೂ ಬೇಕಾಗುತ್ತದೆ, ಅದನ್ನು ಅವರು ಇಲ್ಲವೆನ್ನುತ್ತಿರಲಿಲ್ಲ. ಅದರ ಪಾಠವನ್ನೂ ತಾವೇ ಕಲಿತು, ನನಗಿಂತ ಚೆನ್ನಾಗಿ ಮಾಡಿದರು. ನನಗೆ ಉರಿದುಹೋಗಿತ್ತು.

ರಿಲೇಷನಲ್ ಡೇಟಾಬೇಸ್ ಸತ್ತಿತು ಎಂದು ಯಾರಾದರೂ ಹೇಳಿದರೆ ಅವರು ಹೇಳುತ್ತಿದ್ದ ಮಾತು ನಮ್ಮ ವಿಭಾಗದಲ್ಲಿ ಗಾದೆಯೇ ಆಗಿಹೋಗಿದೆ: "ಎಷ್ಟು ಸಲ ಅದರ ತಿಥಿ ಮಾಡ್ತೀರಿ ಮಾರಾಯ್ರೇ? ಎಲೆ ಹಾಕಿ ನೋಡಿ, ಊಟಕ್ಕೆ ಅದೇ ಮೊದಲು ಬಂದು ಕೂತಿರುತ್ತೆ." ನಿಜವೂ ಹೌದು. ಕೋಷ್ಟಕ ಬೇಡವೆಂದು ಹೊರಟ ಎಷ್ಟೋ ಹೊಸ ವ್ಯವಸ್ಥೆಗಳು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸದ್ದಿಲ್ಲದೆ ಕೋಷ್ಟಕವನ್ನೂ ಅದರ ಭಾಷೆಯನ್ನೂ ಒಳಗೆ ಸೇರಿಸಿಕೊಂಡವು.

ಅವರ ಇನ್ನೊಂದು ಹಟ 'ಗೊತ್ತಿಲ್ಲ' ಎಂಬುದರ ಬಗ್ಗೆ. ಕೋಷ್ಟಕದಲ್ಲಿ ಒಂದು ಮನೆ ಖಾಲಿ ಇದ್ದರೆ ಅದನ್ನು 'ಇಲ್ಲ' ಎಂದು ಓದಿದ ವಿದ್ಯಾರ್ಥಿಗೆ ಅವತ್ತು ಗ್ರಹಚಾರ. "ಫೋನ್ ನಂಬರಿನ ಮನೆ ಖಾಲಿ ಇದ್ರೆ ಅವನ ಹತ್ರ ಫೋನಿಲ್ಲ ಅಂತಲಾ? ನೀನು ಕೇಳಿಲ್ಲ ಅಂತ! ಇಲ್ಲ ಬೇರೆ, ಗೊತ್ತಿಲ್ಲ ಬೇರೆ. ಗೊತ್ತಿಲ್ದಿದ್ದಕ್ಕೆ ಇಲ್ಲ ಅನ್ನೋನು ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕು." ಇದನ್ನು ನಾವೆಲ್ಲ ಪರೀಕ್ಷೆಗಾಗಿ ಉರು ಹೊಡೆದಿದ್ದೆವು. ಅದರ ಬೆಲೆ ನನಗೆ ತಿಳಿದದ್ದು ಅವರ ಕೊನೆಯ ತಿಂಗಳಿನಲ್ಲಿ.

ನಮ್ಮ ಕಾಲೇಜಿನಿಂದ ಸಂಜೆ ಭದ್ರಾವತಿಗೆ ಒಂದು ಸ್ಟಾಫ್ ಬಸ್ಸು ಹೋಗುತ್ತಿತ್ತು. ಹಿಂದೆ ಅದರ ತುಂಬ ಸಿಬ್ಬಂದಿ ಇರುತ್ತಿದ್ದರು. ಒಬ್ಬೊಬ್ಬರಾಗಿ ನಿವೃತ್ತರಾಗಿ, ವರ್ಗವಾಗಿ, ಶಿವಮೊಗ್ಗದಲ್ಲೇ ಮನೆ ಮಾಡಿ, ಕೊನೆಗೆ ಉಳಿದವರು ಮೇಡಂ ಒಬ್ಬರೇ. ಖಾಲಿ ಬಸ್ಸಿನಲ್ಲಿ ಹೋಗುವುದು ಪಾಪ ಎಂದು, ಲ್ಯಾಬ್ ಮುಗಿಸಿ ತಡವಾಗಿ ಹೊರಡುವ ಆ ಕಡೆಯ ಹುಡುಗಿಯರನ್ನು ಅವರು ಕೂಗಿ ಕೂಗಿ ಹತ್ತಿಸಿಕೊಳ್ಳುತ್ತಿದ್ದರು. ಪಾಸಿಲ್ಲ, ದಾಖಲೆಯಿಲ್ಲ, ಅಷ್ಟೊತ್ತಿಗೆ ಮನೆ ಸೇರಿರುತ್ತಿದ್ದ ನಮಗ್ಯಾರಿಗೂ ಇದು ಗೊತ್ತೂ ಇರಲಿಲ್ಲ. ಮೇಡಂ ಇದ್ದಾರೆ, ಬಸ್ಸಿದೆ, ಹತ್ತಿ ಅಷ್ಟೇ.

ಅವರ ನಿವೃತ್ತಿ ಹತ್ತಿರ ಬಂದಾಗ ಆಡಳಿತ ಮಂಡಳಿಗೆ ಸಹಜವಾಗಿಯೇ ಪ್ರಶ್ನೆ ಬಂತು. ಒಬ್ಬರಿಗಾಗಿ ಓಡುತ್ತಿದ್ದ ಬಸ್ಸು, ಅವರೇ ಹೋದ ಮೇಲೆ ಯಾಕೆ? ಪ್ರಿನ್ಸಿಪಾಲರು ಒಳ್ಳೆಯವರು. ವಿದ್ಯಾರ್ಥಿಗಳು ಯಾರಾದರೂ ಇದ್ದಾರೋ ನೋಡೋಣ ಎಂದು ನನ್ನನ್ನು ಕರೆದರು. ಆಗಷ್ಟೇ ನಾನು ಕಾಲೇಜಿನ ದಾಖಲೆಗಳಿಗೆ ಹೊಸ ಎಐ ಸಹಾಯಕವೊಂದನ್ನು ಜೋಡಿಸಿದ್ದೆ. ಕನ್ನಡದಲ್ಲಿ ಮಾತಾಡಿ ಕೇಳಿದರೆ ಸಾಕು, ಉತ್ತರ ಹೇಳುತ್ತದೆ. ನಾನು ಎದೆಯುಬ್ಬಿಸಿ ಕೇಳಿದೆ: "ಸಂಜೆ ಲ್ಯಾಬ್ ಮುಗಿಸಿ ಭದ್ರಾವತಿ ಕಡೆ ಹೋಗುವ ವಿದ್ಯಾರ್ಥಿನಿಯರು ಯಾರು?" ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿತು: "ಯಾರೂ ಇಲ್ಲ." ಬಸ್ಸು ನಿಲ್ಲಿಸುವುದೆಂದು ಬರೆದದ್ದೂ ಆಯಿತು.

ಮಾರನೆಯ ದಿನ ಸುಮತಿ ಎಂಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಜನ್ನಾಪುರದವಳು, ಮನೆಮಾತು ತಮಿಳು, ಅಪ್ಪ ವೆಲ್ಡಿಂಗ್ ಕೆಲಸದವರು. ಕಣ್ಣು ಕೆಂಪಾಗಿತ್ತು.

"ಮೇಡಂ, ಅಪ್ಪ ಈ ಸೆಮಿಸ್ಟರ್‌ಗೇ ಕೊನೆ ಅಂತಿದ್ದಾರೆ. ಕತ್ತಲಲ್ಲಿ ಎರಡು ಬಸ್ಸು ಬದಲಾಯಿಸ್ಕೊಂಡು ಬರೋದು ಬೇಡ, ಭದ್ರಾವತೀಲೇ ಯಾವ್ದಾದ್ರೂ ಡಿಗ್ರಿ ಕಾಲೇಜಿಗೆ ಸೇರ್ಕೋ ಅಂತಾರೆ."

"ಯಾಕೆ, ಬಸ್ಸು ಎಲ್ಲಿಗೆ ಹೋಯ್ತು?"

"ನಿಲ್ಲಿಸ್ತಾರಂತಲ್ಲ ಮೇಡಂ. ಭದ್ರಾವತಿಗೆ ಹೋಗೋರು ಯಾರೂ ಇಲ್ಲ ಅಂತ ಕಂಪ್ಯೂಟರ್ ಹೇಳ್ತಂತೆ."

ಮೇಡಂ ನನ್ನ ಕಡೆ ತಿರುಗಿದರು. ಆ ನೋಟಕ್ಕೆ ನಾನು ಮತ್ತೆ ಮೊದಲ ಬೆಂಚಿನ ಬಿ. ಮಂಜುನಾಥನಾದೆ. ಆದರೂ ಸಿಟ್ಟು ಬಂತು. "ಮೇಡಂ, ನಮ್ಮ ಸಿಸ್ಟಂ ಸುಳ್ಳು ಹೇಳಲ್ಲ" ಎಂದೆ.

"ಸುಳ್ಳು ಹೇಳ್ತು ಅಂತ ನಾನೆಲ್ಲಂದೆ? ಅದು ಒಳಗೆ ಹೋಗಿ ಏನು ಕೇಳ್ತು ಅಂತ ತೋರ್ಸು."

ತೋರಿಸಿದೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಯನ್ನು ಆ ಸಹಾಯಕ ಏನು ಮಾಡಿತ್ತು ಗೊತ್ತೇ? ಎಸ್‌ಕ್ಯೂಎಲ್ ಮಾಡಿತ್ತು. ಮೇಡಂ ಜೀವಮಾನವೆಲ್ಲ ಕಲಿಸಿದ, ಇನ್ನು ಯಾರಿಗೂ ಬೇಡವೆಂದು ನಾನು ಡಂಗುರ ಹೊಡೆದಿದ್ದ ಅದೇ ಹಳೇ ಪ್ರಶ್ನೆಭಾಷೆ! ಅವರು ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಓದಿದರು. ಮುಖ ಅರಳಿತು. ತಿಥಿ ಮಾಡಿಸಿಕೊಂಡವನೇ ಎಲೆಯ ಮುಂದೆ ಬಂದು ಕೂತಿದ್ದ.

"ಅಯ್ಯೋ, ಜಾಣ ಕಣೋ ಇದು. ಇಷ್ಟು ಚೊಕ್ಕವಾಗಿ ನೀನೂ ಬರೀತಿರಲಿಲ್ಲ. ಕೇಳೋದನ್ನ ಸರಿಯಾಗೇ ಕೇಳಿದೆ. ಆದ್ರೆ ಪಾಪ, ಎಲ್ಲಿ ನೋಡಿದೆ ನೋಡು. ಲೋಕಲ್ ಅಡ್ರೆಸ್!"

ನನಗೆ ತಕ್ಷಣ ಹೊಳೆಯಿತು, ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಕಾಲೇಜಿಗೆ ಸೇರಿಸುವಾಗ ಲೋಕಲ್ ಗಾರ್ಡಿಯನ್ ಯಾರೆಂದು ಕೇಳುತ್ತಾರೆ. ಶಿವಮೊಗ್ಗದಲ್ಲಿ ಒಬ್ಬ ಚಿಕ್ಕಮ್ಮನೋ ದೊಡ್ಡಪ್ಪನೋ ಇಲ್ಲದ ಸಂಸಾರ ಈ ಸೀಮೆಯಲ್ಲೇ ಇಲ್ಲ. ಎಲ್ಲರೂ ಅವರ ವಿಳಾಸ ಕೊಡುತ್ತಾರೆ. ಕಾಗದಪತ್ರ ಬಂದರೆ ತಲುಪುತ್ತದೆ, ಹುಡುಗಿಗೆ ಊರಲ್ಲಿ ಒಂದು ದಿಕ್ಕಿದೆ ಎಂದೂ ಆಗುತ್ತದೆ. ಸುಮತಿಯ ವಿಳಾಸ ಶಿವಮೊಗ್ಗದ ನವುಲೆಯಲ್ಲಿರುವ ಅತ್ತೆಯ ಮನೆ. ಅಲ್ಲಿಗೆ ಅವಳು ಹಬ್ಬಕ್ಕೆ ಹೋಗುವುದೂ ಅಪರೂಪ. ಇನ್ನು ಕಾಯಂ ವಿಳಾಸ ನೋಡೋಣವೆಂದರೆ ಅದು ಆಧಾರ್ ಕಾರ್ಡಿನಲ್ಲಿರುವ ಅಜ್ಜನ ಊರು. ಸಂಜೆ ಇವಳು ಎಲ್ಲಿಗೆ ಹೋಗುತ್ತಾಳೆ ಎಂಬುದು ನಮ್ಮ ದಾಖಲೆಯಲ್ಲಿ ಎಲ್ಲೂ ಇರಲಿಲ್ಲ. ಯಾರೂ ಕೇಳಿಯೇ ಇರಲಿಲ್ಲ.

"ಇಲ್ಲ ಅಲ್ಲ ಮಾರಾಯ, ಗೊತ್ತಿಲ್ಲ!" ಎಂದು ಮೇಡಂ ಮೇಜು ಕುಟ್ಟಿದರು. "ಊರು ಹೇಳಿದ್ರೆ ದಾರಿ ಅದು ನೋಡ್ಕೊಳ್ಳುತ್ತೆ, ಸರಿ. ಆ ಊರೇ ನಮ್ಮ ನಕ್ಷೇಲಿ ಇಲ್ದಿದ್ರೆ ಎಲ್ಲಿಗೆ ಹೋಗುತ್ತೆ? ಇದು ಅದರ ತಪ್ಪಲ್ಲ, ನಾವು ಕೊಟ್ಟ ಕೋಷ್ಟಕದ ತಪ್ಪು."

ಅಲ್ಲಿಂದ ಸೀದಾ ಪ್ರಿನ್ಸಿಪಾಲರ ಕೋಣೆಗೆ. ನಾನು ಬಾಲದಂತೆ ಹಿಂದೆ.

"ನಿಮ್ಮ ಮಾತು ನಂಬ್ತೀನಿ ಮೇಡಂ" ಎಂದರು ಅವರು. "ಆದ್ರೆ ಮಂಡಳಿಯವರು ಸಿಸ್ಟಂ ರಿಪೋರ್ಟ್ ಕೇಳ್ತಾರೆ. ರಿಪೋರ್ಟಲ್ಲಿ ಯಾರೂ ಇಲ್ಲ ಅಂತ ಬಂದಿದೆಯಲ್ಲ."

"ಸಿಸ್ಟಂ ರಿಪೋರ್ಟೇ ಕೊಡ್ತೀನಿ ಸರ್. ಇದೇ ಸಿಸ್ಟಂದು, ಇದೇ ಪ್ರಶ್ನೆಗೆ. ಒಂದು ವಾರ ತಡ್ಕೊಳ್ಳಿ."

ನಿವೃತ್ತಿಗೆ ದಿನ ಎಣಿಸುತ್ತಿರುವವರು ಊರೂರಿಗೆ ವಿದಾಯದ ಊಟಕ್ಕೆ ಹೋಗುತ್ತಾರೆ. ಇವರು ಬೋರ್ಡಿನ ಮುಂದೆ ನಿಂತು ಈ ತುದಿಯಿಂದ ಆ ತುದಿಗೆ ಗೆರೆ ಎಳೆದರು. ಮೂರೇ ಕಾಲಂ: ರಿಜಿಸ್ಟರ್ ನಂಬರ್, ವಾರದ ದಿನ, ಇಳಿಯುವ ಜಾಗ. ನಾನು, ವಿದ್ಯಾರ್ಥಿಯ ಹೆಸರಿನ ಪಕ್ಕದಲ್ಲೇ ಒಂದು ಕಾಲಂ ಸೇರಿಸಿದರಾಗದೇ ಎಂದೆ. "ಮಂಗಳವಾರ ಚಿಕ್ಕಮ್ಮನ ಮನೆ, ಬುಧವಾರ ಸ್ವಂತ ಮನೆ ಅನ್ನೋಳನ್ನ ಕೋಷ್ಟಕದ ಒಂದೇ ಮನೇಲಿ ಹೆಂಗೋ ತುರುಕ್ತೀಯ? ಒಬ್ಬಳಿಗೆ ಎಷ್ಟು ಸಾಲು ಬೇಕೋ ಅಷ್ಟು ಸಾಲು ಬರಲಿ. ಬೇಕಾದಾಗ ಜೋಡಿಸ್ಕೊಳ್ಳೋಣ" ಎಂದರು. ವಿದ್ಯಾರ್ಥಿನಿಯರೇ ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಹೇಳಿ ಬಂದರು. ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲೇ ತುಂಬಿದರು. ಸುಮತಿಯಂತೂ ವರ್ಕ್‌ಶಾಪಿನಿಂದ ಲೈಬ್ರರಿಯವರೆಗೆ ಓಡಾಡಿ ಯಾರನ್ನೂ ಬಿಡಲಿಲ್ಲ. ಲೋಕಲ್ ಅಡ್ರೆಸ್ ಅಲ್ಲ ಕಣ್ರೇ, ನೀವು ನಿಜವಾಗ್ಲೂ ಹೋಗೋ ಜಾಗ ಹಾಕಿ ಎಂದು ಅವಳು ಕೂಗುವುದು ಕಾರಿಡಾರಿನಲ್ಲೆಲ್ಲ ಕೇಳುತ್ತಿತ್ತು. ಅತ್ತ ಮೇಡಂ ಒಂದು ಸಂಜೆ ಅವಳ ಮನೆಗೇ ಹೋಗಿ ತಮಿಳಿನಲ್ಲಿ ಅಪ್ಪನ ಹತ್ತಿರ ಮಾತಾಡಿ, ವಾರದ ಗಡುವು ಇಸಿದುಕೊಂಡು ಬಂದಿದ್ದರು. ವಾರ ಕಳೆದರೂ ಬಸ್ಸು ಉಳಿಯದಿದ್ದರೆ ತಾವು ಮತ್ತೆ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದರಂತೆ.

ಮಂಡಳಿಯ ಸಭೆಯ ದಿನ ಬಂತು. ದೊಡ್ಡ ಪರದೆ, ಹಿರಿಯರೆಲ್ಲ ಕೂತಿದ್ದಾರೆ. ಮೈಕನ್ನು ನನ್ನ ಕೈಗೆ ಕೊಡಬಹುದೆಂದುಕೊಂಡಿದ್ದೆ. ಮೇಡಂ ತಾವೇ ಹಿಡಿದು, ಬಸ್ ನಿಲ್ದಾಣದಲ್ಲಿ ಮಾತಾಡುವ ಗಂಟಲಿನಲ್ಲಿ ಅದೇ ಪ್ರಶ್ನೆ ಕೇಳಿದರು. ಸಂಜೆ ಲ್ಯಾಬ್ ಮುಗಿಸಿ ಭದ್ರಾವತಿ ಕಡೆ ಹೋಗುವ ವಿದ್ಯಾರ್ಥಿನಿಯರು ಯಾರು?

ಸಹಾಯಕ ಈ ಸಲ ಒಂದು ಕೋಷ್ಟಕವನ್ನಲ್ಲ, ಎರಡನ್ನು ಜೋಡಿಸಿತು. ಪರದೆಯ ಮೇಲೆ ಸಾಲುಗಳು ಬರಲಾರಂಭಿಸಿದವು. ಬರುತ್ತಲೇ ಇದ್ದವು. ವಾರದ ದಿನ, ಇಳಿಯುವ ಜಾಗ, ಎಲ್ಲ ಒಪ್ಪವಾಗಿ. ಮಂಡಳಿಯ ಹಿರಿಯರೊಬ್ಬರು, "ಇಷ್ಟು ಜನ ಇದ್ರೆ ಇನ್ನೊಂದು ಬಸ್ಸೇ ಬೇಕಾಗುತ್ತಲ್ರೀ!" ಎಂದರು. ಪ್ರಿನ್ಸಿಪಾಲರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಂಗೈ ಉರಿಯುವಷ್ಟು ತಟ್ಟಿದೆ. ಬಸ್ಸು ನಿಲ್ಲುವುದಿಲ್ಲ, ಇನ್ನು ಮೇಲೆ ಅದು ವಿದ್ಯಾರ್ಥಿಗಳ ಬಸ್ಸು ಎಂದು ಅಲ್ಲೇ ತೀರ್ಮಾನವಾಯಿತು. ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಸುಮತಿ ಅಪ್ಪನಿಗೆ ಫೋನ್ ಮಾಡಿ ಅಳುತ್ತಾ ನಗುತ್ತಾ ಮಾತಾಡುತ್ತಿದ್ದಳು. ನನಗೆ ತಮಿಳು ಬಾರದು. ಬಾರದಿದ್ದರೂ ಎಲ್ಲ ಅರ್ಥವಾಯಿತು.

ಹೊರಗೆ ಬರುತ್ತಾ ನಾನು ಕೇಳಿದೆ: "ಇನ್ನು ಯಾರೂ ಎಸ್‌ಕ್ಯೂಎಲ್ ಬರೆಯೋದಿಲ್ವಲ್ಲ ಮೇಡಂ, ಬೇಜಾರಿಲ್ವಾ?"

"ಬೇಜಾರಾ? ಬಾಯಿಮಾತಲ್ಲಿ ಕೇಳಿದ್ರೆ ಉತ್ತರ ಬರೋ ಕಾಲ ನೋಡ್ಬೇಕು ಅಂತಾನೇ ಅಲ್ವೇನೋ ನಾವೆಲ್ಲ ಕಾದಿದ್ದು? ಊರು ಹೇಳು ಅಂದ ಆ ಪುಣ್ಯಾತ್ಮ. ಈಗ ನಮ್ಮ ಭಾಷೇಲೇ ಹೇಳ್ಬಹುದು, ಅಷ್ಟೇ. ಕೋಷ್ಟಕ ನೆಟ್ಟಗಿಡೋಕೆ ಮಾತ್ರ ಹೇಳಿಕೊಡು. ಅದಿದ್ರೆ ಯಾರು ಬಂದು ಯಾವ ಭಾಷೇಲಿ ಕೇಳಿದ್ರೂ ಹೆದರಿಕೆಯಿಲ್ಲ."

ಅವರ ಕೊನೆಯ ಕೆಲಸದ ದಿನ ಶಾಲು, ಹಾರ, ಭಾಷಣ ಎಲ್ಲ ಆಯಿತು. ಸಂಜೆ ಅವರನ್ನು ಬಸ್ಸು ಹತ್ತಿಸಲು ನಾನು ಜೊತೆಗೆ ಹೋದೆ. ಡ್ರೈವರ್ ಹಿಂದಿನ ಕಿಟಕಿಯ ಸೀಟು ಅವರದು. ವರ್ಷಗಟ್ಟಲೆ ಬೇರೆ ಯಾರೂ ಅಲ್ಲಿ ಕೂತಿರಲಿಲ್ಲ. ಆವತ್ತು ಅಲ್ಲಿ ಇಬ್ಬರು ಹೊಸ ಹುಡುಗಿಯರು ಏನೂ ತಿಳಿಯದೆ ಕೂತು ಹರಟುತ್ತಿದ್ದರು. ಹಿಂದೆಲ್ಲ ಭರ್ತಿ. ಎರಡು ಬಸ್ಸು ಬದಲಾಯಿಸುತ್ತಿದ್ದವರು, ಈ ಬಸ್ಸೊಂದಿದೆ ಎಂದೇ ಗೊತ್ತಿಲ್ಲದವರು, ಎಲ್ಲ ಬಂದು ತುಂಬಿಕೊಂಡಿದ್ದರು. ಮೆಟ್ಟಿಲವರೆಗೂ ಬ್ಯಾಗುಗಳು. ಒಳಗೆ ನಿಂತಿದ್ದ ಸುಮತಿ ಗಾಬರಿಯಾಗಿ, "ಏ, ಏಳ್ರೇ! ಮೇಡಂ ಸೀಟು ಅದು!" ಎಂದು ಚೀರಿದಳು. ಹುಡುಗಿಯರು ದಡಬಡಿಸಿ ಏಳಲು ಹೋದರು.

ಮೇಡಂ ಅವರ ಹೆಗಲು ಒತ್ತಿ ಕೂರಿಸಿದರು. ಹಾರವನ್ನು ನನ್ನ ಕೈಗೆ ತುರುಕಿ, ಸೆರಗು ಸಿಕ್ಕಿಸಿಕೊಂಡು, ಮೇಲಿನ ಕಂಬಿ ಹಿಡಿದು ನಿಂತರು. ಸೊಂಟದ ಬಳಿ ಐದು ಬೆರಳ ಸೀಮೆಸುಣ್ಣ ಹಾಗೇ ಇತ್ತು.

"ಮೇಡಂ, ಭದ್ರಾವತಿವರೆಗೂ ನಿಂತ್ಕೊಂಡು ಹೋಗ್ತೀರಾ?" ಎಂದೆ.

ಅವರು ಇಡೀ ಬಸ್ಸನ್ನೊಮ್ಮೆ ಹಿಂದಿನ ಸೀಟಿನವರೆಗೆ ಕಣ್ತುಂಬ ನೋಡಿದರು.

"ಯಾರೂ ಇಲ್ಲ ಅಂದಿದ್ಯಲ್ಲೋ ಮಾರಾಯ" ಎಂದರು. "ನೋಡು, ನನಗೇ ಜಾಗ ಇಲ್ಲ!"